ಬಾಗಿಲ ಪಕ್ಕದ ಮೊಳೆ

ನಮ್ಮ ಮಾಸ್ಟರಮ್ಮನ ಕೊರಳಲ್ಲಿ ಅಳತೆ ಟೇಪು ಇಲ್ಲದ ಗಳಿಗೆಯನ್ನು ನಾನಂತೂ ಕಂಡಿಲ್ಲ. ಒಮ್ಮೆ ಅತ್ತೆಯನ್ನು ನೋಡಲು ಆಸ್ಪತ್ರೆಗೂ ಟೇಪು ಹಾಕಿಕೊಂಡೇ ಹೋಗಿದ್ದರಂತೆ. ವಾರ್ಡಿನ ಮುದುಕಿಯರೆಲ್ಲ ಡಾಕ್ಟರಮ್ಮ ಬಂದರು ಎಂದು ಎದ್ದು ಕೂತು ನಾಲಿಗೆ ಚಾಚಿದರಂತೆ. "ನಾನೂ ಒಬ್ಬೊಬ್ಬರದ್ದೇ ನೋಡ್ಕೊಂಡು ಬಂದೆ ಕಣ್ರೇ. ಪಾಪ, ಯಾಕೆ ಬೇಜಾರು ಮಾಡೋದು?" ಎಂದು ಅವರು ಹೇಳಿದ ದಿನ ನಾವು ನಕ್ಕ ರಭಸಕ್ಕೆ ಎರಡು ಸೂಜಿ ಮುರಿದವು.

ಅದು ಬ್ಯಾಗು ಹೊಲಿಯುವ ಕೋಣೆ. ಮೂರನೇ ಮಹಡಿ, ಎಂಟು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎಂದೂ ಪೂರ್ತಿ ತೆರೆಯದ ಒಂದು ಕಿಟಕಿ. ಮಾಸ್ಟರಮ್ಮ ಅಲ್ಲಿ ಕಟಿಂಗ್ ಮಾಸ್ಟರು. ಬಾಗಿಲ ಪಕ್ಕದಲ್ಲಿ ಒಂದು ಮೊಳೆ. ಈಗ ಆ ಕಟ್ಟಡವೇ ಇಲ್ಲ. ಆದರೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಮೊಳೆ.

ಮೊಳೆಯ ಕಥೆಯನ್ನು ಮೂಲೆಯಕ್ಕನಿಂದ ಶುರು ಮಾಡಬೇಕು. ಕೊನೆಯ ಮಿಷನ್ನಿನಲ್ಲಿ ಕೂರುತ್ತಿದ್ದ ಆಕೆಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತೂ ಇಲ್ಲ. ಹೊಸ ಬ್ಯಾಗಿನ ಮಾದರಿ ತಯಾರಾದಾಗ ನಾವೆಲ್ಲ ಮೇಜಿನ ಸುತ್ತ ನಿಂತು ಕಿರುಚಾಡುತ್ತಿದ್ದೆವು. ಆಕೆ ನಮ್ಮ ಬಾಯಿಗಳನ್ನೇ ನೋಡುತ್ತಾ, ನಾವು ನಕ್ಕ ಮೇಲೆ ತಡವಾಗಿ ನಗುತ್ತಿದ್ದಳು. ಒಂದು ಸಲ ಜಿಪ್ಪು ಸಿಕ್ಕಿಕೊಳ್ಳುವ ಬ್ಯಾಗಿನ ಬಗ್ಗೆ ಮೂರು ದಿನ ಚರ್ಚೆ ನಡೆಸಿದೆವು. ನಾಲ್ಕನೇ ದಿನ ಮೂಲೆಯಕ್ಕ ಎದ್ದು ಬಂದಳು, ಬ್ಯಾಗು ಕಿತ್ತುಕೊಂಡಳು, ಒಳಗಿನ ಪಟ್ಟಿ ಬಿಚ್ಚಿ ಅರ್ಧ ಬೆರಳು ಹಿಂದಕ್ಕೆ ಸರಿಸಿ ಹೊಲಿದಳು. ಜಿಪ್ಪು ಸರ್ರನೆ ಓಡಿತು. ನಾವೆಲ್ಲ ಪೆಚ್ಚು.

ಮಾಸ್ಟರಮ್ಮನ ಮುಖ ಕೆಂಪಾಗಿತ್ತು. "ಮೂರು ದಿನದಿಂದ ಇವಳಿಗೆ ಗೊತ್ತಿತ್ತು. ಒಬ್ಬರಾದ್ರೂ ಕೇಳಿದ್ವಾ? ನಾಚಿಕೆ ಆಗ್ಬೇಕು ನಮಗೆ!"

ಮರುದಿನ ಮೊಳೆ ಬಂತು, ಜೊತೆಗೆ ಮಾಸ್ಟರಮ್ಮನ ಕಟ್ಟಳೆ. ಇನ್ನು ಮೇಲೆ ಹೊಸ ಮಾದರಿ ಒಂದು ದಿನ ಪೂರ್ತಿ ಅದಕ್ಕೆ ನೇತಾಡಬೇಕು. ಅಲ್ಲಿಯವರೆಗೆ ಯಾರೂ ತುಟಿ ಪಿಟಕ್ಕೆನ್ನಬಾರದು. ತಪ್ಪು ಕಂಡವರು ಆ ಜಾಗಕ್ಕೆ ತಮ್ಮ ಬಣ್ಣದ ದಾರ ಕಟ್ಟಬೇಕು. ಮಾದರಿ ಮಾಡಿದವಳು ಕಟ್ಟಿದವರ ಹತ್ತಿರ ತಾನೇ ಹೋಗಿ ಕೇಳಬೇಕು. ಸರಿಯಾಯಿತು ಅನ್ನಿಸಿದಾಗ ಕಟ್ಟಿದವರೇ ಗಂಟು ಬಿಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ನನ್ನದು ಕೆಂಪು, ಮೂಲೆಯಕ್ಕನದು ಹಸಿರು. ಬಟ್ಟೆಯ ಹೊರೆ ಹೊತ್ತು ತರುವ ಮಾಮನಿಗೂ ಬಿಳಿ ದಾರ ಸಿಕ್ಕಿತು. "ನಂಗ್ಯಾಕಮ್ಮಾ ಇದೆಲ್ಲ" ಎಂದು ಗೊಣಗಿದ ಮಾಮ ಮೊದಲ ವಾರವೇ ಆರು ಕಡೆ ಕಟ್ಟಿದ. ಆರೂ ಸರಿಯಾಗಿದ್ದವು. ಆ ಮನುಷ್ಯನ ಕಣ್ಣೇ ಕಣ್ಣು!

ನಾನು ಸ್ವಂತವಾಗಿ ಮಾಡಿದ ಮೊದಲ ಮಾದರಿ ಶಾಲೆ ಮಕ್ಕಳ ಬ್ಯಾಗು. ಆಗ ನನಗೆ ಇಪ್ಪತ್ತೆರಡು, ತಲೆಗೆ ಎರಡು ಕೊಂಬು. ಸಂಜೆಗೆ ನಾಲ್ಕು ದಾರ ಬಿದ್ದಿದ್ದವು. ಮೂರನ್ನು ಕೇಳಿ ಸರಿ ಮಾಡಿದೆ. ನಾಲ್ಕನೆಯದು ಹಸಿರು, ಹೆಗಲ ಪಟ್ಟಿಯ ಬುಡದಲ್ಲಿ. ಮೂಲೆಯಕ್ಕನ ಹತ್ತಿರ ಕೂತು ಕೈಸನ್ನೆ ಅರ್ಥ ಮಾಡಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಮೇಲಾಗಿ, ನಿಜ ಹೇಳುತ್ತೇನೆ, ಇವಳೇನು ನನಗೆ ಹೇಳುವುದು ಎನ್ನುವ ಸೊಕ್ಕು. ಯಾರೂ ನೋಡದಾಗ ಕತ್ತರಿಯಿಂದ ಕಚಕ್ ಅನ್ನಿಸಿದೆ. ದಾರ ಚಿಂದಿ ಚೀಲಕ್ಕೆ ಬಿತ್ತು.

ಬ್ಯಾಗಿನ ಮೇಲೆ ಒಂದೂ ದಾರವಿಲ್ಲದ್ದನ್ನು ನೋಡಿ ಮಾಸ್ಟರಮ್ಮ ಇನ್ನೂರು ಬ್ಯಾಗಿಗೆ ಬಟ್ಟೆ ಕತ್ತರಿಸಿದರು. ಪಟ್ಟಿ ಹೊಲಿಯುವ ಪಾಳಿ ಮೂಲೆಯಕ್ಕನದೇ. ಆಕೆ ಒಂದು ಪಟ್ಟಿ ಹಿಡಿದು ಬಂದು, ತನ್ನ ಹೆಗಲನ್ನು ತಿಕ್ಕಿ ತಿಕ್ಕಿ ತೋರಿಸಿದಳು. ನಾನು ಮಾಸ್ಟರಮ್ಮನ ಕಡೆ ಬೆರಳು ಮಾಡಿ, ಅವರು ಒಪ್ಪಿದ್ದಾರೆ ಎನ್ನುವಂತೆ ತಲೆಯಾಡಿಸಿದೆ. ಹಸಿ ಸುಳ್ಳು. ಆಕೆ ಹೋಗಿ ಹೊಲಿದಳು.

ಮಾರಾಟವಾದ ವಾರಕ್ಕೇ ಬ್ಯಾಗುಗಳು ವಾಪಸ್ ಬಂದವು. ಪಟ್ಟಿಯ ಬುಡದಲ್ಲಿ ಬಟ್ಟೆಯ ಅಂಚನ್ನು ಮಾದರಿಯಲ್ಲೇ ನಾನು ಮಡಚದೆ ಬಿಟ್ಟಿದ್ದೆ. ಮಕ್ಕಳ ಹೆಗಲು ತರಚಿತ್ತು. ಯಜಮಾನರು ಮೆಟ್ಟಿಲು ಹತ್ತಿ ಬಂದು, ಪಟ್ಟಿ ಹೊಲಿದದ್ದು ಯಾರೆಂದು ಗುಡುಗಿದರು. ಎಲ್ಲರ ಕಣ್ಣೂ ಮೂಲೆಗೆ ಹೋದವು.

"ಹೇಳಿದ್ದು ಕೇಳ್ಸಲ್ಲ, ಅದಕ್ಕೇ ಹೀಗೆ. ನಾಳೆಯಿಂದ ಇವಳು ಬರೋದು ಬೇಡ."

ಮೂಲೆಯಕ್ಕ ಅವರ ಬಾಯಿಯನ್ನೇ ನೋಡುತ್ತಿದ್ದಳು. ಮಾತು ತನ್ನದೆಂದು ತಿಳಿದು ಮಿಷನ್ನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಕೆಯ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ಹೇಳು, ಈಗ ಹೇಳು ಎಂದು ಮನಸ್ಸು ಒದರುತ್ತಿತ್ತು, ನಾನು ಮಾತ್ರ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದೆ.

"ಅವಳದೇನೂ ತಪ್ಪಿಲ್ಲ," ಎಂದರು ಮಾಸ್ಟರಮ್ಮ. "ಸರಿಯಾಗಿ ನೋಡ್ದೆ ಕತ್ತರಿಸಿದ್ದು ನಾನು. ಕಳಿಸೋದಾದ್ರೆ ನನ್ನ ಕಳಿಸಿ."

ಯಜಮಾನರು ಕಳಿಸಲಿಲ್ಲ, ಕತ್ತರಿ ಕಸಿದುಕೊಂಡರು. ಮೂರು ತಿಂಗಳು ಮಾಸ್ಟರಮ್ಮ ಮೂಲೆಯಕ್ಕನ ಪಕ್ಕದ ಮಿಷನ್ನಿನಲ್ಲಿ ಕೂತು ಬ್ಯಾಗಿನ ಹಿಡಿ ಹೊಲಿದರು. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದರು. ಈ ಮಹಾತಾಯಿ ಆಕೆಯಿಂದ ಕೈಸನ್ನೆ ಕಲಿತು, ಊಟದ ಹೊತ್ತಿನಲ್ಲಿ ನಮಗೂ ಕಲಿಸಿದರು. ವರ್ಷ ತಿರುಗುವುದರೊಳಗೆ ನಾವು ಮಿಷನ್ನುಗಳ ಸದ್ದಿನ ನಡುವೆ ಕೈಯಲ್ಲೇ ಹರಟುತ್ತಿದ್ದೆವು, ಯಜಮಾನರನ್ನು ಅವರೆದುರಿಗೇ ಆಡಿಕೊಳ್ಳುತ್ತಿದ್ದೆವು. ಈಗ ತಡವಾಗಿ ನಗುವ ಸರದಿ ಮಾಮನದು, ಅವನಿಗೆ ಸನ್ನೆ ತಲೆಗೆ ಹತ್ತಲೇ ಇಲ್ಲ. ಎಂಥ ದಿನಗಳವು! ಈಗಲೂ ಬಸ್ಸಿನಲ್ಲಿ ಕೂತಾಗ ನನ್ನ ಬೆರಳುಗಳು ತಾವಾಗಿ ಆಡುತ್ತವೆ.

ಆದರೆ ಅಷ್ಟೆಲ್ಲ ಹರಟಿದರೂ ಆ ಒಂದು ಮಾತನ್ನು ನಾನು ಆಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಹನ್ನೊಂದು ವರ್ಷ ದೂಡಿದೆ.

ಕಣ್ಣು ಮಂಜಾಗಿ ಮಾಸ್ಟರಮ್ಮ ಕೆಲಸ ಬಿಡುವ ದಿನ ಬಂತು. ನಾವೆಲ್ಲ ಸೇರಿ ಅವರಿಗೊಂದು ಬ್ಯಾಗು ಹೊಲಿದು ಮೊಳೆಗೆ ತೂಗುಹಾಕಿದೆವು. ಅವರು ಮೂಗಿನ ಹತ್ತಿರ ಹಿಡಿದು ತಿರುಗಿಸಿ ನೋಡಿ, "ದಾರ ಕಟ್ಟೋಕೆ ಒಂದು ಜಾಗಾನೂ ಬಿಟ್ಟಿಲ್ವಲ್ರೇ, ಇದು ಮೋಸ!" ಎಂದರು. ಆಮೇಲೆ ಕೊರಳಿನ ಟೇಪು ತೆಗೆದು ನನಗೆ ಹಾಕಿದರು. ಇನ್ನು ಮೇಲೆ ಕತ್ತರಿಸುವ ಮೇಜು ನನ್ನದು. ಜೊತೆಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಡಬ್ಬಿಯನ್ನೂ ಕೊಟ್ಟರು.

ಡಬ್ಬಿ ತೆರೆದೆ. ಸೀಮೆಸುಣ್ಣದ ತುಂಡುಗಳ ನಡುವೆ ಹಸಿರು ದಾರ. ಒಂದು ಕಡೆ ಕತ್ತರಿಸಿದ ಗುರುತು, ಗಂಟು ಹಾಗೇ ಇತ್ತು.

"ಬಿಚ್ಚಿದ ದಾರದಲ್ಲಿ ಗಂಟು ಇರಲ್ಲ ಕಣೇ," ಎಂದರು ಮೆಲ್ಲಗೆ. "ಬ್ಯಾಗು ವಾಪಸ್ ಬಂದ ದಿನಾನೇ ಚಿಂದಿ ಚೀಲ ಸುರಿದು ಹುಡುಕಿದೆ."

"ಗೊತ್ತಿದ್ದೂ ಯಾಕೆ ಬೈಲಿಲ್ಲಮ್ಮಾ?"

"ನೀನಾಗೇ ಬರ್ತೀಯ ಅಂತ ಕಾದೆ. ತುಂಬಾ ಕಾಯಿಸ್ಬಿಟ್ಟೆ ನೀನು." ನಾನು ಅವರ ಕೈ ಹಿಡಿದು ಅತ್ತೆ. ಅವರು ಕೈ ಬಿಡಿಸಿಕೊಂಡರು. "ನನ್ನ ಹತ್ರ ಯಾಕೆ ಅಳ್ತೀಯ? ಕಟ್ಟಿದವಳು ಅಲ್ಲಿ ಕೂತಿದಾಳೆ ನೋಡು."

ಮೂಲೆಗೆ ಹೋಗಿ ಅಂಗೈ ಚಾಚಿದೆ. ಮೂಲೆಯಕ್ಕ ದಾರವನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಸನ್ನೆ ಮಾಡುವ ಮೊದಲೇ ಆಕೆ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ, ನನ್ನ ಎದೆಯ ಕಡೆ ತೋರಿಸಿದಳು. ಹನ್ನೊಂದು ವರ್ಷ ನನ್ನ ಜೊತೆ ಉಂಡಿದ್ದಳು, ನಕ್ಕಿದ್ದಳು, ಎಲ್ಲವೂ ಗೊತ್ತಿದ್ದುಕೊಂಡು.

ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನತ್ತ ತಳ್ಳಿ, ಸೂಜಿಯ ಮೊನೆಯಿಂದ ಗಂಟು ಬಿಡಿಸತೊಡಗಿದಳು. ಹಳೆಯ ಗಂಟು, ಬಿಗಿದುಹೋಗಿತ್ತು. ನಾನು ಕೂತು ಕಾದೆ. ಅವತ್ತು ನಾನು ಉಳಿಸಿಕೊಂಡಿದ್ದ ಅರ್ಧ ಗಂಟೆ ಪೂರ್ತಿ ಹಿಡಿಯಿತು.