ಹುಲಿಗೆಮ್ಮನ ಅರ್ಧ ಮಾತು

ಗಂಗವ್ವ, ನಿನ್ನ ಮಗಳ ಮಾತನ್ನು ಅರ್ಧಕ್ಕೆ ಕತ್ತರಿಸಿದವಳು ನಾನು. ಜೈಲಿನಲ್ಲಿ ಮಕ್ಕಳು ಚೆನ್ನಾಗಿದ್ದಾರೆ ಎಂದು ವರದಿ ಬರೆದವಳೂ ನಾನೇ — ಇದನ್ನು ನಿನಗೆ ಯಾರೂ ಹೇಳಿಲ್ಲ, ನಾನಂತೂ ಬಾಯಿ ಬಿಟ್ಟಿಲ್ಲ.

ಕುಷ್ಟಗಿಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನನ್ನನ್ನು ಜೈಲು ನೋಡಿಬರುವ ಸಮಿತಿಗೆ ಹಾಕಿದರು. ಮನೆ ಬಾಗಿಲಿಗೆ ಸರ್ಕಾರಿ ಜೀಪು ಬರುತ್ತಿತ್ತು, ಓಣಿಯವರೆಲ್ಲ ನೋಡುತ್ತಿದ್ದರು. ಎಷ್ಟು ಹಿಗ್ಗುತ್ತಿದ್ದೆನೋ, ಹೇಳಲು ನಾಚಿಕೆ.

ನಾವು ಬರುವ ಸುದ್ದಿ ಜೈಲಿಗೆ ಮೊದಲೇ ಮುಟ್ಟಿರುತ್ತಿತ್ತು. ನೆಲಕ್ಕೆ ಫಿನಾಯಿಲ್, ತಾಯಂದಿರ ಜೊತೆ ಒಳಗಿದ್ದ ಕೂಸುಗಳ ತಲೆಗೆ ಎಣ್ಣೆ, ಕೈಯಲ್ಲಿ ಹಾಲಿನ ಲೋಟ. ನನಗೇನು ತಿಳಿಯಲಿಲ್ಲವೇ? ತಪಾಸಣೆಗೆ ಸಾಹೇಬರು ಬರುವ ದಿನ ನಮ್ಮ ಶಾಲೆಯಲ್ಲೂ ಹೀಗೇ ಸಿಂಗಾರ — ನಾನೇ ಮುಂದೆ ನಿಂತು ಮಾಡಿಸುತ್ತಿದ್ದೆ. ಆ ಆಟ ನನಗೆ ಬಾಯಿಪಾಠವಾಗಿತ್ತು.

ನಿನ್ನ ಹುಲಿಗೆಮ್ಮ ನನ್ನ ಸೆರಗು ಜಗ್ಗಿದಳು. "ಅಕ್ಕೋರ, ದಿನಾ ಬರ್ರಿ. ನೀವು ಬಂದಾಗಷ್ಟ ಹಾಲು ಕೊಡ್ತಾರ."

ಎಲ್ಲರೂ ನಕ್ಕರು, ಜೈಲರ್ ಕೂಡ. ನಾನೂ ನಕ್ಕೆ. ನೀನೊಬ್ಬಳು ನಗಲಿಲ್ಲ — ನನ್ನ ಮುಖವನ್ನೇ ನೋಡುತ್ತಿದ್ದೆ. ನಾನು ಚಹಾದ ಕಪ್ಪಿಗೆ ಕೈ ಚಾಚಿದೆ.

ವರದಿಯಲ್ಲಿ ಬರೆದೆ: ಮಕ್ಕಳು ಸಂತೋಷವಾಗಿದ್ದಾರೆ; ಸಮಿತಿಯವರು ದಿನವೂ ಬರಲಿ ಎಂದು ಒಂದು ಮಗು ಪ್ರೀತಿಯಿಂದ ಕೇಳಿತು. ಸುಳ್ಳೇನೂ ಅಲ್ಲ ನೋಡು — ಥೂ, ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ!

ಆಮೇಲೆ ನೀನು, ಮಗು ಸೊರಗುತ್ತಿದೆ, ಹೊಟ್ಟೆಗೆ ಸಾಲುತ್ತಿಲ್ಲ ಎಂದು ಕೋರ್ಟಿಗೆ ಅರ್ಜಿ ಕೊಟ್ಟೆ. ಜೈಲಿನವರು ನನ್ನ ವರದಿಯನ್ನು ಮುಂದಿಟ್ಟರು. ಅರ್ಜಿ ವಜಾ ಆಯಿತು. ಮಳೆಗಾಲದಲ್ಲಿ ಹುಲಿಗೆಮ್ಮನಿಗೆ ಜ್ವರ ಹಿಡಿಯಿತು, ತಡೆದುಕೊಳ್ಳಲು ಆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಆಸ್ಪತ್ರೆಗೆ ಹೋದವಳು ಮರಳಿ ಬರಲಿಲ್ಲ. ಸಮಿತಿಯ ಸಭೆಯಲ್ಲಿ ಇದನ್ನೆಲ್ಲ ಕೇಳಿದೆ. ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟು ವರ್ಷ —

ಹೋದ ವಾರ, ಜೈಲಿನಿಂದ ಬಿಡುಗಡೆಯಾಗಿ ತಾವರಗೇರಾ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತ ಕುಳಿತಿದ್ದ ನೀನೇ ನನ್ನ ಗುರುತು ಹಿಡಿದೆ. ಚೀಲ ಹಾಸಿ ಕೂಡಿಸಿದೆ, ನೀರು ಕೊಟ್ಟೆ.

"ನನ್ನ ಕೂಸಿನ ಮಾತು ಕಿವಿಗೊಟ್ಟು ಕೇಳಿದವ್ರು ನೀವೊಬ್ರ ಅಕ್ಕೋರ. ವರದ್ಯಾಗ ಅದನ್ನ ನೀವು ಬರೆದ ಇರ್ತೀರಿ, ನನಗ ಗೊತ್ತೈತಿ. ಯಾರೋ ಪಾಪಿಗಳು ಅಳಿಸ್ಯಾರ."

ನಾನು — ನಾನು ಹೂಂ ಅಂದೆ, ಗಂಗವ್ವ. ಆಗಲೂ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಂತುಕೊಂಡೇ ಹೇಳುತ್ತೇನೆ: ಯಾರೂ ಅಳಿಸಲಿಲ್ಲ. ನಾನು ಬರೆಯಲೇ ಇಲ್ಲ.