ಸುಳ್ಳು ಹೇಳದ ಹುಡುಗಿ ಎಂಬ ಹೆಸರು

ಗೆಳೆಯರೇ, ಇವತ್ತು ಅಕ್ಕಲಕೋಟದ ಅಂಗಡಿಯವರೊಬ್ಬರು ನಮ್ಮ ಸೊಲ್ಲಾಪುರದ ಕಾರ್ಖಾನೆಗೆ ಬಂದು, ನಾನು ಮಡಚಿಟ್ಟ ಟವೆಲ್ ಗಂಟಿನ ಮುಂದೆ ನಿಂತು, "ಮಾಲ್ ಛಲೋ ಅದ ಏನ್ರಿ ಸೇಠ್?" ಎಂದರು.

ಸೇಠ್ ನನ್ನ ಕಡೆ ಕೈ ಮಾಡಿದರು. "ಈ ಹುಡುಗಿನ್ನ ಕೇಳ್ರಿ. ಚರ್ಚಿಗೆ ಹೋಗೋ ಏಸುನ ಮಂದಿ, ಸುಳ್ಳ ಹೇಳೂದಿಲ್ಲ."

ನೇಯ್ಗೆ ತಪ್ಪಿದ ಜಾಗ ಒಳಗೆ ಬರುವಂತೆ ಮಡಚುವುದು ನಮ್ಮಲ್ಲಿ ರೂಢಿ. ನಾನೂ ಹಾಗೆಯೇ ಮಡಚಿದ್ದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಹೇಳವ್ವಾ," ಎಂದರು ಅಂಗಡಿಯವರು.

ಮನಸ್ಸಿನಲ್ಲೇ ಪ್ರಾರ್ಥಿಸಿ ಮೇಲಿನ ಟವೆಲ್ ಬಿಚ್ಚಿ ಹರಡಿದೆ. ನಟ್ಟನಡುವೆ ಎಳೆ ಬಿಟ್ಟಿತ್ತು. ಅವರು ಗಂಟನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಜೊತೆಗೆ ಮಡಚುವ ಕಮಲಕ್ಕ ನನ್ನ ತೋಳು ಚಿವುಟಿದಳು. "ಯವ್ವಾ, ನಿಮ್ಮ ಏಸು ಬಂದು ಮಡಚಿದ ಘಡಿ ಬಿಚ್ಚಿ ನೋಡ್ತಿದ್ನೇನ? ಗಪ್ ಕೂಡಾಕ ಏನಾಗಿತ್ತ ನಿನಗ?"

ಸೇಠ್ ಸಂಜೆಯವರೆಗೂ ನನ್ನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಕೆಲಸ ಉಳಿದಿದೆ, ನಾಳೆ ಬರಬೇಕು ಎಂದಾದರೂ ತಿಳಿಯುತ್ತಿತ್ತು.