ಅಂಚಿನಲ್ಲಿ ನಿಂತವಳು

ಅಕ್ಕನಿಗೆ ನಾನು ಕಾಣಿಸುತ್ತಿಲ್ಲ ಎಂದು ಗೊತ್ತಾದದ್ದು ಒಂದು ಬೆಳಿಗ್ಗೆ, ಅವಳು ಪೂಜೆಗೆ ಕೂತಿದ್ದಾಗ. ನಾನು ಕಾಫಿ ಲೋಟ ಹಿಡಿದು ಅವಳ ಎಡಗಡೆ, ಎರಡು ಮೊಳ ದೂರದಲ್ಲಿ ನಿಂತಿದ್ದೆ. ಅವಳು ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿನ ಕರಡಿಗೆಗೆ ಹಾಕಿಕೊಂಡು, ಅಡುಗೆಮನೆಯ ಕಡೆ ಕೂಗಿದಳು.

"ಏ, ಕಾಫಿ ಆಯ್ತೇನೇ?"

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ಮತ್ತೆ ಕೂಗಿದಳು. ಲೋಟದಿಂದ ಹಬೆ ಏಳುತ್ತಿತ್ತು. ಆಗಲೂ ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಕೊನೆಗೆ ಅವಳು ಏಳಲು ಮುಖ ತಿರುಗಿಸಿದಾಗ ಬೆಚ್ಚಿಬಿದ್ದಳು.

"ಅಯ್ಯೋ ಶಿವನೇ! ಗೋಡೆಯಿಂದ ಇಳಿದು ಬಂದಂಗೆ ಬಂದ್ಬುಟ್ಯಲ್ಲೇ! ಕಳ್ಳಿ!"

ಇಬ್ಬರೂ ನಕ್ಕೆವು. ಅವಳ ನಗು ಮುಗಿದ ಮೇಲೆ ಲೋಟವನ್ನು ಅವಳ ಕೈಗೆ ಕೊಟ್ಟೆ.

ಕುಂಬಾರಕೊಪ್ಪಲಿನ ಆ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು. ಮದುವೆ ಮಾಡಿಕೊಳ್ಳಲಿಲ್ಲ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ನಾನು ಒಂದು ಶಾಲೆಯಲ್ಲಿ ಆಯಾ. ನನ್ನ ಮದುವೆ ಉಳಿಯಲಿಲ್ಲ, ಗಂಡನನ್ನು ಬಿಟ್ಟು ಅವಳ ಬಳಿಗೇ ಬಂದೆ. ನಮ್ಮಲ್ಲಿ ಹೆಂಗಸರೂ ಲಿಂಗ ಕಟ್ಟುತ್ತಾರೆ, ಪೂಜೆ ಮಾಡುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈಯ ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡಬೇಕು. ಪಕ್ಕದ ದೀಪದ ಬೆಳಕು ಆ ಕಪ್ಪು ಮೈ ಮೇಲೆ ಒಂದು ಚುಕ್ಕಿಯಾಗಿ ನಿಲ್ಲುತ್ತದೆ. ನೋಟ ಅಲ್ಲಿ ನಿಲ್ಲಬೇಕು. ನನಗೆ ಯಾವತ್ತೂ ನಿಲ್ಲುತ್ತಿರಲಿಲ್ಲ. ಹಲ್ಲಿ ಓಡಿದರೆ ಹಲ್ಲಿ ಕಡೆ, ಪರದೆ ಅಲುಗಿದರೆ ಪರದೆ ಕಡೆ.

ಅಕ್ಕನಿಗೆ ಹಾಗಲ್ಲ. "ಈಗೀಗ ಕೂತ್ರೆ ಸುತ್ತ ಏನೂ ಇರಲ್ಲ ಕಣೆ," ಅನ್ನುತ್ತಿದ್ದಳು. "ದೀಪಾನೂ ಇಲ್ಲ, ಗೋಡೆನೂ ಇಲ್ಲ. ಲಿಂಗ ಒಂದೇ. ಇಷ್ಟು ವರ್ಷಕ್ಕೆ ಈಗ ಬಂತು ನೋಡು." ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಎದುರು ಮನೆಯ ಹೆಂಗಸು ಒಂದು ದಿನ ಕೊಳಾಯಿ ಹತ್ತಿರ ನನ್ನನ್ನು ಹಿಡಿದುಕೊಂಡರು. "ನಿಮ್ಮಕ್ಕ ದೊಡ್ಡೋರಾಗ್ಬುಟ್ರು ಕಣಮ್ಮ. ಪಕ್ಕದಲ್ಲೇ ನಡ್ಕೊಂಡ್ ಬಂದ್ರೂ ಮಾತಾಡ್ಸಲ್ಲ. ಏನು, ಬ್ಲೌಸ್ ಹೊಲಿಯೋ ರೇಟ್ ಜಾಸ್ತಿ ಮಾಡಿದ್ರಾ?" ಆ ಮಾತು ಮನಸ್ಸಿನಲ್ಲಿ ಉಳಿದು, ಹೊಸ ಕನ್ನಡಕದ ನೆಪ ಹೇಳಿ ಅಕ್ಕನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡೂ ಕಣ್ಣಿನ ಒತ್ತಡ ಅಳೆದು, ಒಳಗೆ ಬೆಳಕು ಬಿಟ್ಟು ನೋಡಿ, ಗ್ಲಾಕೋಮಾ ಅಂದರು. "ಕಣ್ಣೊಳಗೆ ನೀರು ಹುಟ್ತಾ ಇರುತ್ತೆ, ಹರಿದು ಹೋಗ್ತಾ ಇರುತ್ತೆ ಅಮ್ಮ. ಹೋಗೋ ದಾರಿ ಕಟ್ಕೊಂಡ್ರೆ ಒತ್ತಡ ಏರುತ್ತೆ. ಹಿಂದಿರೋ ನರ ಸೊರಗುತ್ತೆ. ಮೊದಲು ಅಂಚು ಹೋಗುತ್ತೆ, ನಡುಭಾಗ ಕೊನೇವರೆಗೂ ಇರುತ್ತೆ."

"ನಂಗೆ ಎಲ್ಲಾ ಕಾಣುತ್ತೆ ಕಣ್ರೀ," ಅಂದಳು ಅಕ್ಕ. "ಈ ವಯಸ್ಸಲ್ಲಿ ಸೂಜಿಗೆ ನಾನೇ ದಾರ ಪೋಣಿಸ್ತೀನಿ. ಲಿಂಗದ ಮೇಲಿನ ಚುಕ್ಕಿ ಕಾಣುತ್ತೆ. ನಿಮಗೆ ಕಾಣುತ್ತೋ ಇಲ್ವೋ ಅದು!"

ಡಾಕ್ಟರು ನಗಲಿಲ್ಲ. ದಿನಾ ಸಂಜೆ ಎರಡೂ ಕಣ್ಣಿಗೆ ಒಂದೊಂದು ಹನಿ, ಬದುಕಿರುವವರೆಗೂ. ಅದು ಸಾಲದಿದ್ದರೆ ಲೇಸರ್, ಇಲ್ಲವೇ ನೀರು ಹೊರಹೋಗಲು ಸಣ್ಣ ದಾರಿ ಮಾಡುವ ಆಪರೇಷನ್. ಹೋದ ದೃಷ್ಟಿ ಯಾವುದರಿಂದಲೂ ಬರುವುದಿಲ್ಲ, ಇರುವುದು ಉಳಿಯುತ್ತದೆ. ಹೊರಡುವಾಗ ನನ್ನ ಕಡೆ ತಿರುಗಿ ಹೇಳಿದರು: "ಒಡಹುಟ್ಟಿದೋರಿಗೂ ಬರಬಹುದು. ನೀವೂ ತೋರಿಸ್ಕೊಳ್ಳಿ." ಮುಂದಿನ ವಾರ ಬರುತ್ತೇನೆ ಅಂದೆ. ಹೋಗಲಿಲ್ಲ.

ಹನಿ ಹಾಕಿದರೆ ಉರಿಯುತ್ತದೆ, ಕಣ್ಣು ಕೆಂಪಾಗುತ್ತದೆ ಎಂದು ಅಕ್ಕ ಗೊಣಗುತ್ತಿದ್ದಳು. "ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಏನು ಬದಲಾಯ್ತು?" ಆಪರೇಷನ್ ಮಾತು ಬಂದರೆ ಹಬ್ಬ ಕಳೆಯಲಿ ಅನ್ನುತ್ತಿದ್ದಳು. ನಾನು ಪ್ರತಿ ತಿಂಗಳೂ ಬಾಟಲಿ ತಂದುಕೊಡುತ್ತಿದ್ದೆ. ಹಾಕಿಕೊಂಡೆ ಅನ್ನುತ್ತಿದ್ದಳು. ನಂಬುತ್ತಿದ್ದೆ.

ಇನ್ನೊಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಆ ಕಾಫಿಯ ಬೆಳಿಗ್ಗೆ ಆದ ಮೇಲೆ ನಾನು ಅವಳ ಎಡಗಡೆ ಸದ್ದಿಲ್ಲದೆ ಹೋಗಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಮೊದಲು ಎಷ್ಟು ಕಾಣುತ್ತದೆ ಎಂದು ತಿಳಿಯಲು. ಆಮೇಲೆ ಸುಮ್ಮನೆ. ಯಾರೂ ನೋಡುತ್ತಿಲ್ಲ ಎಂದುಕೊಂಡಿರುವವರ ಮುಖ ಬೇರೆಯೇ ಇರುತ್ತದೆ. ಹೊಲಿಗೆ ಮಷಿನ್ ತುಳಿಯುತ್ತಾ ಅವಳು ತುಟಿ ಅಲುಗಿಸಿ ಅವ್ವನ ಜೊತೆ ಮಾತಾಡುತ್ತಿದ್ದಳು. ನಾನು ಅಲ್ಲೇ ನಿಂತು ಕೇಳುತ್ತಿದ್ದೆ. ಒಂದೊಂದು ಸಲ ಅವಳು ಮಾತು ನಿಲ್ಲಿಸಿ, ಯಾರೋ ಇದ್ದಾರೆ ಅನ್ನಿಸಿದವಳಂತೆ ಕತ್ತು ನೆಟ್ಟಗೆ ಮಾಡುತ್ತಿದ್ದಳು. ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ದಾರದ ರೀಲು ತರಲು ಹೋಗಿ ರಸ್ತೆಗೆ ಇಳಿದಳು. ಅರ್ಧ ದಾಟುವಷ್ಟರಲ್ಲಿ ಎಡಗಡೆಯಿಂದ ಸ್ಕೂಟರ್ ಬಂತು. ಜೋರಾಗಿಯೂ ಬಂದಿರಲಿಲ್ಲ. ಓಡಿಸುತ್ತಿದ್ದ ಗಂಡಸು ಆಸ್ಪತ್ರೆಯ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದರು. "ಹಾರ್ನ್ ಹೊಡೆದೆ ಕಣಮ್ಮ. ಒಂಚೂರು ನನ್ ಕಡೆ ಕತ್ತು ತಿರುಗಿಸಿದ್ರು. ನಿಲ್ತಾರೆ ಅಂದ್ಕೊಂಡೆ. ಯಾರೂ ಇಲ್ಲ ಅನ್ನೋ ಹಂಗೆ ನಡೆದು ಬಂದ್ಬುಟ್ರು." ಸೊಂಟದ ಮೂಳೆ ಮುರಿದಿತ್ತು. ಮಲಗಿದ ಕಡೆಯೇ ಕಫ ಕಟ್ಟಿ, ಮೂರನೇ ವಾರಕ್ಕೆ ಹೋದಳು.

ನಮ್ಮಲ್ಲಿ ಸುಡುವುದಿಲ್ಲ. ಗುಣಿಯೊಳಗೆ ಕೂರಿಸುತ್ತಾರೆ. ಐನೋರು ಅವಳ ಎಡಗೈ ಬಿಡಿಸಿ ಲಿಂಗ ಇಟ್ಟರು. ವಿಭೂತಿ ಹಚ್ಚಿದ ಹಣೆ, ಅಂಗೈಯಲ್ಲಿ ಲಿಂಗ, ನೆಟ್ಟಗೆ ಕೂತ ಮೈ. ಪ್ರತಿ ಬೆಳಿಗ್ಗೆ ಕೂರುತ್ತಿದ್ದ ಹಾಗೆಯೇ. ಮಣ್ಣು ಹಾಕಲು ಬಗ್ಗಿದಾಗ ನೋಡಿದೆ, ನಾನು ಅವಳ ಎಡಗಡೆ ನಿಂತಿದ್ದೆ.

ಹನ್ನೊಂದು ದಿನ ಕಳೆದ ಮೇಲೆ ಮಷಿನ್ನಿನ ಡ್ರಾಯರ್ ತೆಗೆದೆ. ದಾರದ ರೀಲುಗಳ ಹಿಂದೆ ಹನಿ ಔಷಧಿಯ ಬಾಟಲಿಗಳು ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಬಿಟ್ಟರೆ ಒಂದರ ಸೀಲೂ ಒಡೆದಿರಲಿಲ್ಲ.

ಆಮೇಲೆ ಶುರುವಾಯಿತು ಅದು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ನನ್ನ ಎಡಗಡೆ ಯಾರೋ ಸದ್ದಿಲ್ಲದೆ ಬಂದು ನಿಂತಂತೆ. ತಿರುಗಿದರೆ ಗೋಡೆ. ಶಾಲೆಯಲ್ಲಿ ಆಗುತ್ತಿರಲಿಲ್ಲ, ಮನೆಯಲ್ಲಿ ಮಾತ್ರ. ದುಃಖಕ್ಕೆ ಹಾಗೆ ಅನ್ನಿಸುತ್ತದೆ ಎಂದು ಎದುರು ಮನೆಯವರು ಹೇಳಿದರು. ಇರಬಹುದು ಅಂದುಕೊಂಡೆ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪೂಜೆಗೆ ಕೂತೆ. ಆವತ್ತು ನೋಟ ನಿಂತಿತು. ಹಲ್ಲಿ ಇಲ್ಲ, ಪರದೆ ಇಲ್ಲ, ಬೀದಿಯ ತರಕಾರಿ ಗಾಡಿಯ ಕೂಗೂ ದೂರ ಹೋಯಿತು. ಲಿಂಗ ಒಂದೇ, ಅದರ ಮೇಲೆ ಆ ಬಿಳಿ ಚುಕ್ಕಿ. ಐವತ್ತು ವರ್ಷ ಬಾರದ ಶಾಂತಿ ಬಂತು. ಮರುಕ್ಷಣ ಹೊಳೆಯಿತು: ಎಡಗಡೆ ಹಚ್ಚಿಟ್ಟಿದ್ದ ದೀಪ ಇಲ್ಲ. ದೀಪವಿಲ್ಲದೆ ಚುಕ್ಕಿ ಎಲ್ಲಿಂದ? ತಿರುಗಿ ನೋಡಿದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿಟ್ಟೆ. ಅಕ್ಕನ ಕಣ್ಣಿಗೆ ಬಂದದ್ದು ನನಗೂ ಬಂತು ಎಂದುಕೊಂಡೆ. ಆವತ್ತೇ ರಜೆ ಹಾಕಿ ಅದೇ ಆಸ್ಪತ್ರೆಗೆ ಹೋದೆ.

ಒಂದು ಕಣ್ಣು ಮುಚ್ಚಿ, ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಡಿಸಿದರು. ಕೈಗೆ ಒಂದು ಗುಂಡಿ ಕೊಟ್ಟರು. "ನಡುವಿನ ಬೆಳಕನ್ನೇ ನೋಡ್ತಿರಿ, ಕಣ್ಣು ಕದಲಿಸ್ಬೇಡಿ. ಪಕ್ಕದಲ್ಲಿ ಎಲ್ಲಾದ್ರೂ ಚುಕ್ಕಿ ಬಂದ್ರೆ ಒತ್ತಿ," ಅಂದರು ಪರೀಕ್ಷೆ ಮಾಡುವವರು. ಅಲ್ಲೊಂದು ಇಲ್ಲೊಂದು ಚುಕ್ಕಿ ಹುಟ್ಟಿ ಆರುತ್ತಿತ್ತು. ಒಮ್ಮೊಮ್ಮೆ ಬಹಳ ಹೊತ್ತು ಏನೂ ಬರುತ್ತಿರಲಿಲ್ಲ. ಬೆಳಕು ಬರಲಿಲ್ಲವೋ, ಬಂದದ್ದು ನನಗೆ ಕಾಣಲಿಲ್ಲವೋ? ಆ ಬಿಳಿಯೊಳಗೆ ಕೂತು ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಮುಗಿದ ಮೇಲೆ ಅವರು, "ಚೆನ್ನಾಗಿ ಕೂತ್ರಿ ಕಣಮ್ಮ. ಎಷ್ಟೋ ಜನಕ್ಕೆ ದೃಷ್ಟಿನೇ ನಿಲ್ಲಲ್ಲ," ಅಂದರು.

ಡಾಕ್ಟರು ಅವರೇ. ಅಕ್ಕ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಆಮೇಲೆ ಪರೀಕ್ಷೆಯ ಕಾಗದ ತಿರುಗಿಸಿ ತೋರಿಸಿದರು. ಎಡಗಣ್ಣಿನ ಚಿತ್ರದಲ್ಲಿ, ಮೂಗಿನ ಕಡೆ, ಹುಣಸೆಬೀಜದಷ್ಟು ಕಪ್ಪು.

"ನಂಗೆ ಅಲ್ಲಿ ಕಪ್ಪು ಕಾಣಲ್ವಲ್ಲ?"

"ಕಾಣಲ್ಲ. ಬಲಗಣ್ಣು ತುಂಬಿಕೊಡುತ್ತೆ. ಎರಡರಲ್ಲೂ ಹೋದ್ರೆ ಮಿದುಳು ಪಕ್ಕದಲ್ಲಿರೋದನ್ನೇ ಎಳೆದು ಅಲ್ಲಿಗೆ ಹೊದಿಸುತ್ತೆ. ಗೋಡೆ ಇದ್ರೆ ಗೋಡೆ."

ಹಾಗಾದರೆ ಲೋಟ ಹಿಡಿದು ನಿಂತ ಆ ಬೆಳಿಗ್ಗೆ ನಾನು ಅಕ್ಕನಿಗೆ ಗೋಡೆಯಾಗಿದ್ದೆ.

ದೀಪದ ವಿಷಯ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಇಷ್ಟು ಚಿಕ್ಕ ಕಲೆಗೆ ದೀಪ ಮಾಯ ಆಗಲ್ಲ. ರೆಪ್ಪೆ ಬಡಿಯದೆ ಒಂದನ್ನೇ ನೋಡಿದ್ರೆ ಯಾರಿಗಾದ್ರೂ ಅಂಚು ಕರಗುತ್ತೆ ಅಮ್ಮ. ಒಳ್ಳೇ ಕಣ್ಣಿಗೂ."

"ಮತ್ತೆ ಯಾವುದು ಪೂಜೆ, ಯಾವುದು ಕಾಯಿಲೆ ಅಂತ ಎಂಗೆ ಗೊತ್ತಾಗೋದು?"

"ಒಳಗಿಂದ ಗೊತ್ತಾಗಲ್ಲ. ಅದಕ್ಕೇ ಈ ಮಷಿನ್ನು."

ಬೇಗ ಬಂದಿದ್ದೀರಿ, ಹನಿ ತಪ್ಪಿಸದಿದ್ದರೆ ಇಲ್ಲಿಗೇ ನಿಲ್ಲಿಸಲು ನೋಡಬಹುದು ಅಂದರು. ನಾಲ್ಕು ತಿಂಗಳಿಗೊಮ್ಮೆ ಒತ್ತಡ ನೋಡಬೇಕು. ಬೇಕಾದರೆ ಮುಂದೆ ಲೇಸರ್.

ಈಗ ದಿನಾ ಸಂಜೆ ಏಳಕ್ಕೆ ಅಕ್ಕನ ಮಷಿನ್ನಿನ ಪಕ್ಕ ಚಾಪೆ ಹಾಕಿ ಮಲಗುತ್ತೇನೆ. ಕೆಳರೆಪ್ಪೆ ಎಳೆದು ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಬುಡದ ಹತ್ತಿರ ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಉರಿಯುತ್ತದೆ, ಅವಳು ಸುಳ್ಳು ಹೇಳಿರಲಿಲ್ಲ. ಆ ಎರಡು ನಿಮಿಷದಲ್ಲಿ ಅದು ಬರುತ್ತದೆ. ಎಡಗಡೆ, ಎರಡು ಮೊಳ ದೂರದಲ್ಲಿ, ಉಸಿರು ಬಿಗಿ ಹಿಡಿದು ಯಾರೋ ನಿಲ್ಲುತ್ತಾರೆ. ನನ್ನ ಮುಖ ನೋಡುತ್ತಾರೆ. ಕೂಗುವುದಿಲ್ಲ, ಮುಟ್ಟುವುದಿಲ್ಲ.

ಕಣ್ಣು ಬಿಟ್ಟು ಪೂರ್ತಿ ಕತ್ತು ತಿರುಗಿಸುತ್ತೇನೆ. ಗೋಡೆ ಕಾಣುತ್ತದೆ. ಗೋಡೆ ಕಂಡ ಮಾತ್ರಕ್ಕೆ ಅಲ್ಲಿ ಯಾರೂ ಇಲ್ಲ ಎಂದು ಈಗ ನಾನು ಹೇಳಲಾರೆ.

"ಇಲ್ಲೇ ಇದೀನಿ ಅಕ್ಕ," ಅನ್ನುತ್ತೇನೆ, ಕೇಳಿಸುವಷ್ಟು ಜೋರಾಗಿ. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ, ಡ್ರಾಯರಿನಲ್ಲಿ ಅಲ್ಲ, ಮಷಿನ್ನಿನ ಮೇಲೆ, ಎದುರಿಗೇ ಕಾಣುವ ಹಾಗೆ ಇಡುತ್ತೇನೆ.